ಓದುಗರ ಪ್ರಶ್ನೆ: ಕತ್ತಲಲ್ಲಿ ಊಳಿಡೋದು ಯಾರು, ಯಾರಿಗೋಸ್ಕರ?

ಕಳೆದ ಸಂಚಿಕೆಯಲ್ಲಿ ತೋಳದ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಈ ಸಲ ಬಂದಿರೋ ಪತ್ರ, ವಾಟ್ಸಾಪ್ ಮೆಸೇಜು, ಎರಡು ಆಡಿಯೋ ಕ್ಲಿಪ್ಪು ಎಲ್ಲಾ ಅದರ ಸುತ್ತಾನೇ ಇದಾವೆ, ಅದೂ ತೋಳ ಹೇಗಿರತ್ತೆ ಏನು ತಿನ್ನತ್ತೆ ಅಂತಲ್ಲ, ಅದರ ದನಿ ಬಗ್ಗೆ. ನಿಜ ಹೇಳ್ತೀನಿ, ಬಹಳ ಖುಷಿಯಾಯ್ತು. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಈ ಸಲ ಪೂರ್ತಿ ಜಾಗ ತೋಳ, ನರಿ, ಸೀಳುನಾಯಿಗಳ ಕೂಗಿಗೇ ಕೊಟ್ಟಿದೀನಿ.

ನಮ್ಮದು ಕುಷ್ಟಗಿ ಕಡೆ ಹಳ್ಳಿ. ಹೊಲದ ಮನೇಲಿ ಮಲಗಿದ್ದಾಗ ರಾತ್ರಿ ಎರಡು ಗಂಟೆ ಸುಮಾರಿಗೆ ಉದ್ದಕ್ಕೆ ಒಂದು ಕೂಗು ಕೇಳ್ತು, ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಇನ್ನೊಂದು. ಅಜ್ಜಿ "ತ್ವಾಳ ಅದು" ಅಂತಾಳೆ, ನಮ್ಮೆಜಮಾನ್ರು ಊರನಾಯಿ ಅಂತಾರೆ. ಹೇಗೆ ಗುರುತು ಹಿಡಿಯೋದು? – ಕೊಪ್ಪಳ ಜಿಲ್ಲೆಯಿಂದ

ನೀವು ಬರೆದಿರೋ ರೀತಿ ನೋಡಿದ್ರೆ ನಾನು ಅಜ್ಜಿ ಪರ. ಯಾಕೆ ಅಂತ ಹೇಳ್ತೀನಿ.

ಊರನಾಯಿ ಊಳಿಟ್ಟರೆ ಅದು ಊಳಲ್ಲೇ ನಿಲ್ಲೋದು ಕಮ್ಮಿ, ನಡುವೆ ಬೊಗಳು ಸೇರ್ಕೊಳ್ಳತ್ತೆ, ದನಿ ಒಡೆಯತ್ತೆ, ಪಕ್ಕದ ಓಣಿ ನಾಯಿಗಳು ಬೊಗಳೋಕೆ ಶುರು ಮಾಡ್ತಾವೆ, ಐದು ನಿಮಿಷದಲ್ಲಿ ಅದು ಜಗಳ ಆಗಿರತ್ತೆ. ನರಿಗಳದ್ದು ಬೇರೆ ಥರ. ಒಂದು ನರಿ ಮೆಟ್ಟಿಲು ಹತ್ತಿದ ಹಾಗೆ ಊ ಅಂತ ಏರಿಸ್ಕೊಂಡು ಹೋಗತ್ತೆ, ಅದು ಮುಗಿಸೋದ್ರೊಳಗೆ ಉಳಿದವು ಮೇಲೆ ಬೀಳ್ತಾವೆ, ಕೊನೆಗೆ ಎಲ್ಲಾ ಸೇರಿ ಕಿಚಪಿಚ ಕುಂಯ್‌ಕುಂಯ್ ಆಗಿ ಥಟ್ ಅಂತ ನಿಂತುಹೋಗತ್ತೆ. ತೋಳಕ್ಕೆ ಆ ಅವಸರ ಇಲ್ಲ. ಕೆಳಗಿಂದ ಎತ್ಕೊಂಡು, ಒಂದು ಸ್ವರದಲ್ಲಿ ನಿಂತು, ಆಮೇಲೆ ನಿಧಾನಕ್ಕೆ ಜಾರಿ ಇಳಿಯತ್ತೆ, ಮಧ್ಯೆ ಬೊಗಳಿಲ್ಲ, ಒಡಕಿಲ್ಲ. ಒಂದು ಊಳು ಸಾಮಾನ್ಯವಾಗಿ ನಾಲ್ಕೈದು ಸೆಕೆಂಡಾದ್ರೂ ಇರತ್ತೆ, ಆಮೇಲೆ ಗ್ಯಾಪು. ಆ ಗ್ಯಾಪೇ ಮುಖ್ಯ ನೋಡಿ, ಯಾಕಂದ್ರೆ ಅದು ಕಿವಿಗೊಡೋ ಹೊತ್ತು. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ಮಹಾರಾಷ್ಟ್ರದ ತೋಳಗಳ ದನಿ ರೆಕಾರ್ಡ್ ಮಾಡಿ 2019ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ನಮ್ಮ ಬಯಲುಸೀಮೆ ತೋಳದ ಊಳಿನ ಸರಾಸರಿ ಶ್ರುತಿ ಸುಮಾರು 420 ಹರ್ಟ್ಜ್, ಅಂದ್ರೆ ಹೆಣ್ಣುಮಕ್ಕಳು ಆರಾಮಾಗಿ ಹಾಡೋ ಶ್ರುತಿಯೊಳಗೇ ಬೀಳತ್ತೆ. ದೂರದಿಂದ ಕೇಳಿದವರು ಯಾರೋ ಹೆಂಗಸು ಅಳ್ತಿದಾಳೆ ಅಂತ ಹೆದರ್ಕೊಳ್ಳೋದು ಸುಮ್ಮನೆ ಅಲ್ಲ.

ನಾನು ಒಂದು ರಾತ್ರಿ ಕೊಪ್ಪಳ ಜಿಲ್ಲೆಯಲ್ಲೇ ಕುರಿ ತರುಬಿದ್ದ ಹೊಲದಲ್ಲಿ ಕುರಿಗಾಹಿಗಳ ಜೊತೆ ಮಲಗಿದ್ದೆ. ಇನ್ನೂರರ ಮೇಲೆ ಕುರಿ, ಎಲ್ಲವೂ ಮೆಲುಕು ಹಾಕ್ತಾ ಕೂತಿದ್ವು, ಅಷ್ಟು ಕುರಿ ಒಟ್ಟಿಗೆ ಮೆಲುಕು ಹಾಕಿದ್ರೆ ಸಣ್ಣ ಮಳೆ ಬಿದ್ದ ಹಾಗೆ ಒಂದು ಸದ್ದು ಇರತ್ತೆ, ಅದು ಕಿವಿಗೆ ಒಗ್ಗಿಹೋಗಿರತ್ತೆ. ಇದ್ದಕ್ಕಿದ್ದ ಹಾಗೆ ಆ ಸದ್ದು ನಿಂತ್ಹೋಯ್ತು. ನನಗೆ ಎಚ್ಚರ ಆಗಿದ್ದೇ ಆ ಮೌನಕ್ಕೆ. ಆಮೇಲೆ ಊಳು ಕೇಳಿದ್ದು. ನಾಯಿ ಬೊಗಳಲಿಲ್ಲ, ಕಿವಿ ಎತ್ತಿ ಗುಡ್ಡದ ಕಡೆ ತಿರುಗಿ ನಿಂತಿತ್ತು. ಹಿರಿಯ ಕುರಿಗಾಹಿ ಕಂಬಳಿಯೊಳಗಿಂದ ತಲೆ ಹೊರಗೆ ಹಾಕಿ, "ಒಂದ ಐತಿ, ಜೋಡಿ ಹುಡುಕಾಕತ್ತೈತಿ" ಅಂದ. ಹತ್ತು ನಿಮಿಷಕ್ಕೆ ಇನ್ನೊಂದು ದಿಕ್ಕಿನಿಂದ ಉತ್ತರ ಬಂತು. "ಸಿಕ್ತು" ಅಂದು ಮತ್ತೆ ಕಂಬಳಿ ಎಳ್ಕೊಂಡ. ಸ್ವಲ್ಪ ಹೊತ್ತಿಗೆ ಕುರಿಗಳೂ ಮೆಲುಕು ಹಾಕೋಕೆ ಶುರು ಮಾಡಿದ್ವು.

ತೋಳದ ಊಳು ಅಂದ್ರೆ ಬಹುಪಾಲು ಇದೇ. ಹೊಟ್ಟೆಪಾಡಿಗೆ ಚದುರಿ ಹೋದವು ಒಂದನ್ನೊಂದು ಕರೆಯೋದು, ಮತ್ತೆ "ಇದು ನಮ್ಮ ಜಾಗ, ಈ ಕಡೆ ಬರಬೇಡಿ" ಅಂತ ಬೇರೆ ಗುಂಪಿಗೆ ದೂರದಿಂದಲೇ ತಿಳಿಸೋದು. ಬೇಟೆಗೆ ನುಗ್ಗೋ ಮುಂಚೆ ಊಳಿಡತ್ತೆ ಅನ್ನೋದು ಸಿನಿಮಾದಲ್ಲಿ ಮಾತ್ರ. ಕುರಿ ಹೊತ್ಕೊಂಡು ಹೋಗೋಕೆ ಬಂದ ತೋಳ ಉಸಿರೂ ಬಿಡಲ್ಲ, ಇದನ್ನ ಯಾವ ಕುರಿಗಾಹಿನಾದ್ರೂ ಕೇಳಿ. ಆದ್ದರಿಂದ ಊಳು ಕೇಳಿತು ಅಂತ ಬಡಿಗೆ ಹಿಡ್ಕೊಂಡು ಓಡೋದು ಬೇಡ, ಆದ್ರೆ ಹಟ್ಟಿ ಸುತ್ತ ಮುಳ್ಳಿನ ಬೇಲಿ ಗಟ್ಟಿ ಇದೆಯಾ ಅಂತ ಬೆಳಗ್ಗೆ ಒಮ್ಮೆ ನೋಡ್ಕೊಳ್ಳಿ. ನಿಮ್ಮ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೋಸ್ಕರಾನೇ ಅಭಯಾರಣ್ಯ ಆಗಿದೆ, ನಿಮಗೆ ಗೊತ್ತೇ ಇರಬಹುದು. ಬಹಳ ಜನಕ್ಕೆ ಗೊತ್ತಿಲ್ಲದ್ದು ಇನ್ನೊಂದಿದೆ: ಮೇಲುಕೋಟೆ ವನ್ಯಧಾಮ 1974ರಲ್ಲಿ ಆಗಿದ್ದೂ ತೋಳಗಳನ್ನ ಉಳಿಸೋಕೆ ಅಂತಾನೇ. ಇಡೀ ದೇಶದಲ್ಲಿ ಈಗ ಇರೋದು ಸುಮಾರು 3,000 ತೋಳ, ಹುಲಿಗಳ ಲೆಕ್ಕದಷ್ಟೇ ಹೆಚ್ಚೂಕಮ್ಮಿ, ಆದ್ರೆ ಹುಲಿಗೆ ಕಾಡಿದೆ, ತೋಳಕ್ಕೆ ಇರೋದು ನಿಮ್ಮ ನಮ್ಮ ಹೊಲದ ಅಂಚು, ಕುರುಚಲು ಗುಡ್ಡ ಅಷ್ಟೇ.

ಹುಣ್ಣಿಮೆ ದಿನ ಚಂದ್ರನ್ನ ನೋಡಿ ತೋಳ ಊಳಿಡತ್ತೆ ಅಂತಾರಲ್ಲ?

ಚಂದ್ರನಿಗೂ ಊಳಿಗೂ ಸಂಬಂಧ ಇಲ್ಲ. ಊಳಿಡುವಾಗ ಮೂತಿ ಮೇಲೆತ್ತೋದು ದನಿ ಚೆನ್ನಾಗಿ ದೂರ ಹೋಗಲಿ ಅಂತ, ಮೇಲೆ ಚಂದ್ರ ಇದ್ದ ದಿನ ನಮಗೆ ಅದು ಕಾಣತ್ತೆ, ಅಮಾವಾಸ್ಯೆ ದಿನ ಕಾಣಲ್ಲ. ರಾತ್ರಿ ಹೊತ್ತು ದನಿ ದೂರ ಕೇಳೋಕೂ ಕಾರಣ ಇದೆ. ಗಾಳಿ ಇಳಿದಿರತ್ತೆ, ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗೇ ಇರೋದ್ರಿಂದ ಸದ್ದು ಮೇಲಕ್ಕೆ ಹಾರಿಹೋಗದೆ ನೆಲದ ಕಡೆಗೇ ಬಾಗಿ ಸಾಗತ್ತೆ. ಚಳಿಗಾಲದ ಬೆಳಗಿನ ಜಾವ ಎಲ್ಲೋ ದೂರದ ಊರಿನ ಸುಪ್ರಭಾತ ಪಕ್ಕದ ಮನೇದು ಅನ್ನೋ ಹಾಗೆ ಕೇಳಲ್ವಾ, ಅದೇ ಇದು.

ಕಬಿನಿ ಕಡೆ ಸಫಾರಿಗೆ ಹೋಗಿದ್ವಿ, ಲಾಂಟಾನ ಪೊದೆಯಿಂದ ಯಾರೋ ಸಿಳ್ಳೆ ಹಾಕಿದ ಹಾಗೆ ಕೇಳ್ತು. ಡ್ರೈವರು "ಸೀಳುನಾಯಿ ಸಾರ್" ಅಂದ್ರು. ನಾಯಿ ಸಿಳ್ಳೆ ಹಾಕತ್ತಾ? ನಮ್ಮನ್ನ ಖುಷಿಪಡಿಸೋಕೆ ಹೇಳಿದ್ರಾ? – ಮೈಸೂರಿನಿಂದ

ಡ್ರೈವರು ಹೇಳಿದ್ದು ನೂರಕ್ಕೆ ನೂರು ನಿಜ, ಮತ್ತೆ ನಿಮ್ಮ ಅದೃಷ್ಟ ದೊಡ್ಡದು. ಹುಲಿ ನೋಡಿದವರು ನನಗೆ ಬೇಕಾದಷ್ಟು ಜನ ಗೊತ್ತು, ಸೀಳುನಾಯಿ ಸಿಳ್ಳೆ ಕಿವಿಯಾರೆ ಕೇಳಿದವರು ಬೆರಳೆಣಿಕೆ.

ಸೀಳುನಾಯಿ, ಕೆನ್ನಾಯಿ, ಕಾಡುನಾಯಿ, ಏನಾದ್ರೂ ಅನ್ನಿ, ನಾಯಿ ಜಾತಿಯಲ್ಲಿ ಇದೊಂದು ಬೇರೆಯದೇ ಕವಲು. ಇದು ತೋಳದ ಹಾಗೆ ಊಳಿಡಲ್ಲ, ಮನೆನಾಯಿ ಹಾಗೆ ಬೊಗಳೋದೂ ಇಲ್ಲ. ಇದರ ಕರೆ ಸಿಳ್ಳೆ. ಬೇಟೆನ ಸೀಳೋದಕ್ಕೆ ಸೀಳುನಾಯಿ ಅಂದ್ರು ನಮ್ಮ ಹಿರಿಯರು, ಸಿಳ್ಳುನಾಯಿ ಅಂದಿದ್ರೂ ಅಷ್ಟೇ ಸರಿಯಾಗಿರ್ತಿತ್ತು. ಪೆನ್ನಿನ ಕ್ಯಾಪನ್ನ ಕೆಳತುಟಿಗೆ ಒತ್ತಿ ಊದಿ ನೋಡಿ, ಹೆಚ್ಚೂಕಮ್ಮಿ ಅದೇ ದನಿ. ಹಿಂದೆ ಶಿಕಾರಿಯವರು ಖಾಲಿ ತೋಟಾ ಊದಿ ಇದೇ ದನಿ ಹೊರಡಿಸಿ ಸೀಳುನಾಯಿಗಳನ್ನ ಕರೀತಿದ್ರು.

ಯಾಕೆ ಸಿಳ್ಳೆ ಅನ್ನೋದಕ್ಕೆ ನೀವು ಹೇಳಿದ ಆ ಲಾಂಟಾನದಲ್ಲೇ ಉತ್ತರ ಇದೆ. ಹತ್ತು ಹದಿನೈದು ನಾಯಿ ಒಂದು ಜಿಂಕೆ ಬೆನ್ನು ಹತ್ತಿ ಪೊದೆಯೊಳಗೆ ನುಗ್ಗಿದ್ರೆ ಒಂದಕ್ಕೊಂದು ಕಾಣಲ್ಲ, ಬೇಟೆ ತಪ್ಪಿಸ್ಕೊಂಡ್ರೆ ಗುಂಪು ದಿಕ್ಕಾಪಾಲು. ಆಗ ಒಂದು ನಿಂತು ಸಿಳ್ಳೆ ಹಾಕತ್ತೆ, ಮತ್ತೆ ಹಾಕತ್ತೆ, ಉಳಿದವು ಅದೇ ಜಾಡು ಹಿಡಿದು ಬಂದು ಸೇರ್ತಾವೆ. ಬಂಡೀಪುರದಲ್ಲಿ 1976ರಿಂದ 78ರವರೆಗೆ ಸೀಳುನಾಯಿಗಳ ಹಿಂದೆ ಕಾಲ್ನಡಿಗೆಯಲ್ಲೇ ತಿರುಗಿ ಅಧ್ಯಯನ ಮಾಡಿದ ಎ.ಜೆ.ಟಿ. ಜಾನ್‌ಸಿಂಗ್ ಅವರು ಇದನ್ನೆಲ್ಲ ಹತ್ತಿರದಿಂದ ನೋಡಿ ಬರೆದಿಟ್ಟರು. ಪ್ರಾಣಿ ಕುತ್ತಿಗೆಗೆ ಕಟ್ಟಿ ಜಾಡು ಹಿಡಿಯೋ ರೇಡಿಯೋ ಕಾಲರು ಗೀಲರು ಏನೂ ಇಲ್ಲದೆ ಮಾಡಿದ ಕೆಲಸ ಅದು, ಕಣ್ಣು ಕಿವಿ ಎರಡನ್ನೇ ನಂಬಬೇಕಿತ್ತು. ಅವರು 2024ರಲ್ಲಿ ತೀರಿಕೊಂಡರು, ಇವತ್ತು ನಮ್ಮಲ್ಲಿ ಸೀಳುನಾಯಿ ಬಗ್ಗೆ ಮಾತಾಡೋ ಪ್ರತಿಯೊಬ್ಬರೂ ಅವರ ಋಣದಲ್ಲಿದಾರೆ. ಆಮೇಲೆ ನಮ್ಮ ಮೈಸೂರಿನವರೇ ಆದ ಕೃಪಾಕರ–ಸೇನಾನಿ ವರ್ಷಗಟ್ಟಲೆ ಈ ಗುಂಪುಗಳ ಜೊತೆ ಇದ್ದು ಚಿತ್ರೀಕರಿಸಿದ್ರು. ಅದಕ್ಕೂ ಮುಂಚೆ ಈ ಪ್ರಾಣಿನ ಕೊಂದವರಿಗೆ ಸರ್ಕಾರವೇ ಇನಾಮು ಕೊಡ್ತಿತ್ತು, 1972ರ ವನ್ಯಜೀವಿ ಕಾಯ್ದೆ ಬರೋವರೆಗೂ ಇದನ್ನ ಪೀಡೆ ಅಂತಲೇ ಲೆಕ್ಕ ಹಾಕಿದ್ರು. ಜಿಂಕೆ ತಿನ್ನತ್ತೆ ಅನ್ನೋದೊಂದೇ ತಪ್ಪು.

ನಾನು ಒಮ್ಮೆ ನಾಗರಹೊಳೆ ಅಂಚಲ್ಲಿ, ಕೆರೆ ಏರಿ ಮೇಲೆ, ಒಂಟಿ ಸೀಳುನಾಯಿ ಕಂಡಿದ್ದೆ. ಮೂವತ್ತು ಅಡಿ ದೂರ ಇರಬಹುದು. ಸಿಳ್ಳೆ ಕೇಳ್ತಾ ಇದೆ, ಆದ್ರೆ ಅದರ ಬಾಯಿ ತೆರೆದೇ ಇಲ್ಲ ಅನ್ನೋಷ್ಟು ಸಣ್ಣಗೆ ತೆರೆದಿದೆ, ಗಂಟಲ ಕೆಳಗಿನ ಬಿಳಿ ಕೂದಲು ಮಾತ್ರ ಪ್ರತಿ ಸಿಳ್ಳೆಗೂ ಒಮ್ಮೆ ಅದುರ್ತಿತ್ತು. ಸಿಳ್ಳೆ ಹಾಕೋದು, ತಲೆ ಓರೆ ಮಾಡಿ ಕೇಳೋದು, ಎರಡು ಹೆಜ್ಜೆ ಇಡೋದು, ಮತ್ತೆ ಸಿಳ್ಳೆ. ಆ ಹೊತ್ತಿಗೆ ನಾವಲ್ಲಿ ಇದ್ದೀವಿ ಅನ್ನೋದು ಅದಕ್ಕೆ ಗಣನೆಗೇ ಇರಲಿಲ್ಲ.

ಸಿಳ್ಳೆ ಒಂದೇ ಅಲ್ಲ ಅದರ ಹತ್ರ ಇರೋದು. ಕೋಳಿ ಕ್ಲಕ್ ಅಂದ ಹಾಗೆ ಒಂದು, ಬೆಕ್ಕು ಮಿಯಾವ್ ಅಂದ ಹಾಗೆ ಒಂದು, ಹುಲಿ ಎದುರಾದ್ರೆ ಕಕಕಕಾ ಅಂತ ಗಂಟಲು ಹರಿಯೋ ಹಾಗೆ ಕಿರುಚೋದು ಒಂದು. ಇನ್ನೂ ಆಶ್ಚರ್ಯ ಅಂದ್ರೆ ಒಂದೇ ಉಸಿರಲ್ಲಿ ಎರಡು ದನಿ ಒಟ್ಟಿಗೆ ಹೊರಡಿಸತ್ತೆ, ಕೆಳಗೊಂದು ದಪ್ಪ ಕುಂಯ್ ಮೇಲೊಂದು ಸಣ್ಣ ಕೀಚು, ನಾದಸ್ವರಕ್ಕೆ ಶ್ರುತಿಪೆಟ್ಟಿಗೆ ಇದ್ದ ಹಾಗೆ. ರಷ್ಯಾದ ವಿಜ್ಞಾನಿಗಳು ಇದನ್ನ ಪರೀಕ್ಷೆ ಮಾಡಿದಾಗ, ಒಂಟಿ ದನಿಗಿಂತ ಈ ಜೋಡಿ ದನಿಯಲ್ಲಿ ಕೂಗಿದ್ದು ಯಾರು ಅಂತ ಗುರುತು ಹಿಡಿಯೋದು ಸುಲಭ ಅಂತ ಗೊತ್ತಾಯ್ತು. ಪೊದೆಯೊಳಗೆ ಬದುಕೋ ಗುಂಪಿಗೆ ಇದಕ್ಕಿಂತ ಬೇಕಾದ್ದು ಏನಿದೆ ಹೇಳಿ.

ಒಂದು ಎಚ್ಚರಿಕೆ, ಮಲೆನಾಡು ಕಡೆ ಹೋದಾಗ ಸಿಳ್ಳೆ ಕೇಳಿದ್ದೆಲ್ಲ ಸೀಳುನಾಯಿ ಅಂದ್ಕೋಬೇಡಿ. ಸಿಳ್ಳಾರ ಹಕ್ಕಿನೂ ಥೇಟ್ ಮನುಷ್ಯರ ಹಾಗೆ ಸಿಳ್ಳೆ ಹಾಕತ್ತೆ, ಆದ್ರೆ ಅದರಲ್ಲಿ ರಾಗ ಇರತ್ತೆ, ಏರಿಳಿತ ಇರತ್ತೆ. ಸೀಳುನಾಯಿದು ರಾಗವಿಲ್ಲದ ಒಂದೇ ಕರೆ, ಮತ್ತೆ ಮತ್ತೆ.

ನಾಯಿ ಊಳಿಟ್ರೆ ಯಾರಿಗೋ ಸಾವು ಅಂತ ನಮ್ಮತ್ತೆ ಹೇಳ್ತಾರೆ. ನಮ್ಮ ಬೀದಿ ನಾಯಿ ಆಂಬುಲೆನ್ಸ್ ಬಂದಾಗಲೆಲ್ಲ, ದೇವಸ್ಥಾನದಲ್ಲಿ ಶಂಖ ಊದಿದಾಗಲೆಲ್ಲ ಊಳಿಡತ್ತೆ. ಓಡಿಸಬೇಕಾ? – ದಾವಣಗೆರೆ

ಓಡಿಸಬೇಡಿ ತಾಯಿ. ಅದಕ್ಕೆ ಸಾವೂ ಗೊತ್ತಿಲ್ಲ ಯಮನೂ ಕಾಣಲ್ಲ. ಸೈರನ್ನು, ಶಂಖ, ನಾದಸ್ವರ, ಇವೆಲ್ಲ ಉದ್ದಕ್ಕೆ ಎಳೆದ, ನಿಧಾನಕ್ಕೆ ಏರಿಳಿಯೋ ದನಿಗಳು, ಅಂದ್ರೆ ಊಳಿನ ಆಕಾರದವು. ನಾಯಿಯೊಳಗಿನ ಹಳೇ ತೋಳಕ್ಕೆ ಯಾರೋ ನಮ್ಮವರು ಕರೆದ ಹಾಗೆ ಅನ್ಸತ್ತೆ, ಉತ್ತರ ಕೊಡತ್ತೆ. ಹಂಗೇರಿಯ ಬುಡಾಪೆಸ್ಟಲ್ಲಿ 68 ಸಾಕುನಾಯಿಗಳಿಗೆ ತೋಳದ ಊಳಿನ ರೆಕಾರ್ಡಿಂಗ್ ಕೇಳಿಸಿ ನೋಡಿದ್ರು, 2023ರಲ್ಲಿ ಪ್ರಕಟವಾಯ್ತು ಅದು. ವಂಶದಲ್ಲಿ ತೋಳಕ್ಕೆ ಹತ್ತಿರ ಇರೋ ಹಳೇ ತಳಿಗಳು, ಅದರಲ್ಲೂ 5 ವರ್ಷ ದಾಟಿದವು, ತಿರುಗಿ ಊಳಿಟ್ಟವು. ತಳಿ ದೂರ ಸರಿದಷ್ಟೂ ನಾಯಿ ಬೊಗಳತ್ತೆ ವಿನಾ ಊಳಿಡಲ್ಲ.

ಅತ್ತೆಯವರ ಮಾತಿಗೂ ಒಂದು ಹಿನ್ನೆಲೆ ಇದ್ದೀತು. ಹಿಂದೆ ಮನೇಲಿ ಯಾರಾದ್ರೂ ಕಾಯಿಲೆ ಬಿದ್ದು ಮಲಗಿದ್ರೆ ರಾತ್ರಿಯಿಡೀ ದೀಪ ಹಚ್ಕೊಂಡು ಎಚ್ಚರ ಇರ್ತಿದ್ರು, ದಿನಾ ಊಳಿಡೋ ನಾಯಿ ಅವತ್ತು ಕಿವಿಗೆ ಬೀಳ್ತಿತ್ತು, ಬೆಳಗ್ಗೆ ಜೀವ ಹೋದ್ರೆ ಎರಡೂ ಸೇರಿ ಮನಸಲ್ಲಿ ಉಳೀತಿತ್ತು. ಅವರಿಗೆ ಎದುರು ಮಾತಾಡಬೇಡಿ, ನಿಧಾನಕ್ಕೆ ಇದನ್ನ ಹೇಳಿ. ಆದ್ರೆ ಯಾವತ್ತೂ ಊಳಿಡದ ನಾಯಿ ಹಗಲೂ ರಾತ್ರಿ ಒಂದೇ ಸಮ ಊಳಿಡ್ತಿದ್ರೆ ಅದಕ್ಕೆ ನೋವಿರಬಹುದು ಇಲ್ಲಾ ಮರಿ ಕಳ್ಕೊಂಡಿರಬಹುದು, ಪಶುವೈದ್ಯರಿಗೆ ತೋರಿಸಿ. ದನಿ ಒಡೆದು, ಜೊಲ್ಲು ಸುರಿಸ್ತಾ ತೂರಾಡ್ತಿದ್ರೆ ಮಾತ್ರ ಹತ್ತಿರ ಹೋಗಬೇಡಿ, ಹುಚ್ಚುನಾಯಿ ರೋಗದಲ್ಲಿ ಹಾಗಾಗತ್ತೆ.

ಮಂಡ್ಯ ಹತ್ರ ನಮ್ಮೂರು. ಚಿಕ್ಕವನಿದ್ದಾಗ ಸಂಜೆ ಕಬ್ಬಿನ ಗದ್ದೆಯಿಂದ ಇಪ್ಪತ್ತು ಮೂವತ್ತು ನರಿ ಒಟ್ಟಿಗೆ ಕೂಗೋವು. ಈಗ ಊರಿಗೆ ಹೋದ್ರೆ ಒಂದೂ ಇಲ್ಲ. ಎಲ್ಲಿ ಹೋದ್ವು?

ಮೊದಲು ಇಪ್ಪತ್ತು ಮೂವತ್ತರ ಲೆಕ್ಕ ಸರಿ ಮಾಡೋಣ. ನರಿ ಸಂಸಾರ ಚಿಕ್ಕದು, ಗಂಡ ಹೆಂಡತಿ, ಕೆಲವು ಸಲ ಹೋದ ವರ್ಷದ ಒಂದೆರಡು ಮಕ್ಕಳು. ಮೂರ್ನಾಲ್ಕು ನರಿ ಕೂಗಿದ್ರೇ ದಂಡು ಬಂದ ಹಾಗೆ ಕೇಳತ್ತೆ, ಯಾಕಂದ್ರೆ ಪ್ರತಿಯೊಂದೂ ಬೇರೆ ಬೇರೆ ಸ್ವರದಲ್ಲಿ ಹಿಡಿಯತ್ತೆ, ಒಂದೊಂದೂ ಕ್ಷಣಕ್ಷಣಕ್ಕೆ ಸ್ವರ ಬದಲಾಯಿಸತ್ತೆ, ಗಿಡ ಮರ ಬದುಗಳಿಗೆ ಬಡಿದು ಪ್ರತಿಧ್ವನಿ ಬೇರೆ. ಅಮೆರಿಕದ ಕಯೋಟಿ ಅನ್ನೋ ನರಿಯಂಥ ಪ್ರಾಣಿನೂ ಇದನ್ನೇ ಮಾಡತ್ತೆ, ಎರಡಿದ್ರೆ ಏಳೆಂಟು ಅನ್ನಿಸತ್ತೆ. ಪಕ್ಕದ ಸಂಸಾರಕ್ಕೆ "ನಾವು ಬಹಳ ಜನ ಇದೀವಿ" ಅಂತ ಅನ್ನಿಸಿದ್ರೆ ಒಳ್ಳೇದೇ ತಾನೇ, ಜಗಳ ತಪ್ಪತ್ತೆ. ಜೊತೆಗೆ ನಿಮ್ಮ ಗದ್ದೆ ನರಿ ಮುಗಿಸಿದ ಕೂಡಲೇ ಕಾಲುವೆ ಆಚೆಯವು ಶುರು ಮಾಡಿರ್ತಾವೆ, ಅದಕ್ಕೆ ಊರಿನ ಸುತ್ತಾ ನರಿಯೇ ಅನ್ನಿಸ್ತಿತ್ತು. ನರಿ ಕೂಗು ಗಿರಿ ಮುಟ್ಟೀತೇ ಅಂತ ಗಾದೆ ಮಾಡಿದವರು ನರಿ ಯಾರಿಗೆ ಕೂಗ್ತಿದೆ ಅಂತ ಕೇಳ್ಕೊಂಡಿರಲಿಲ್ಲ. ಅದಕ್ಕೆ ಗಿರಿ ಮುಟ್ಟೋದು ಬೇಕಿಲ್ಲ, ಕಾಲುವೆ ಆಚೆಗೆ ಮುಟ್ಟಿದ್ರೆ ಸಾಕು.

ಈಗ ಎಲ್ಲಿ ಹೋದ್ವು ಅನ್ನೋದು. ಇದನ್ನ ಬರೆಯೋಕೆ ನನಗೆ ಸಂಕಟ ಆಗತ್ತೆ. ಬದುಗಳ ಮೇಲಿನ ಕಳ್ಳಿ, ಲಂಟಾನ, ಕತ್ತಾಳೆ ಬೇಲಿ ಕಿತ್ತು ತಂತಿ ಹಾಕಿದ್ವಿ, ನರಿ ಮರಿ ಹಾಕ್ತಿದ್ದ ಬಿಲ ಹೋಯ್ತು. ಹಂದಿಗೆ ಅಂತ ಇಟ್ಟ ಉರುಳಿಗೆ ನರಿ ಬಿತ್ತು. ಸತ್ತ ದನಕ್ಕೆ ವಿಷ ಸುರಿದ್ರು, ಅದನ್ನ ತಿಂದು ನರಿನೂ ಸತ್ತವು. ಕೋಳಿ ಅಂಗಡಿ ತ್ಯಾಜ್ಯದ ಮೇಲೆ ಬೀದಿನಾಯಿಗಳು ಬೆಳೆದು, ಅವುಗಳ ರೋಗಗಳೂ ನರಿಗೆ ಬಂದ್ವು. ಹೆದ್ದಾರಿ ಬೇರೆ ಇದೆ. ಇದೆಲ್ಲದರ ಮೇಲೆ ನರಿಕೊಂಬು ಅನ್ನೋ ಮೋಸ. ನರಿಗೆ ಕೊಂಬಿಲ್ಲ, ಯಾವ ನರಿಗೂ ಇಲ್ಲ, ಚರ್ಮದ ತುಂಡಿಗೆ ಏನೋ ಅಂಟಿಸಿ ಕೂದಲು ಮೆತ್ತಿ ಅದೃಷ್ಟ ಅಂತ ಮಾರ್ತಾರೆ. ಅದಕ್ಕೋಸ್ಕರ ನಿಜವಾದ ನರಿ ಸಾಯತ್ತೆ, ಕೊಂಡವರೂ ಕಾನೂನಿನ ಕೈಗೆ ಸಿಗ್ತಾರೆ. ಬೆಳಗ್ಗೆ ಎದ್ದು ನರಿ ಮುಖ ನೋಡಿದ್ರೆ ಒಳ್ಳೇದು ಅಂತೀವಲ್ಲ, ನೋಡೋಕಾದ್ರೂ ನರಿ ಇರಬೇಕಲ್ಲ.

ಪೂರ್ತಿ ಹೋಗಿಲ್ಲ, ಅದು ಸಮಾಧಾನ. ಊರಿಗೆ ಹೋದಾಗ ಸಂಜೆ ಟಿವಿ ಆಫ್ ಮಾಡಿ, ಕತ್ತಲಾದ ಮೇಲೆ ಅರ್ಧ ಗಂಟೆ ಗದ್ದೆ ಕಡೆ ಕೂತು ನೋಡಿ, ಚಳಿ ಬಿದ್ದ ಮೇಲಾದ್ರೆ ಇನ್ನೂ ಒಳ್ಳೇದು, ಅವು ಜೋಡಿ ಆಗೋ ಕಾಲ ಬಂತು ಅಂದ್ರೆ ಕೂಗು ಜಾಸ್ತಿ.

ನಾವು ಟೊರಾಂಟೊದಲ್ಲಿದೀವಿ, ಮನೆ ಹಿಂದಿನ ಕಣಿವೆಯಲ್ಲಿ ರಾತ್ರಿ ಕಿರುಚಾಟ. ಇಲ್ಲಿ ತೋಳದ ಊಳು ಕೇಳೋಕೆ ಜನರನ್ನ ಕರ್ಕೊಂಡು ಹೋಗ್ತಾರಂತೆ, ನಿಜಾನಾ?

ಮನೆ ಹಿಂದಿನದು ಕಯೋಟಿ, ಅನುಮಾನ ಬೇಡ. ಚಿಕ್ಕ ಸಾಕುನಾಯಿ ಇದ್ರೆ ರಾತ್ರಿ ಒಂಟಿಯಾಗಿ ಹೊರಗೆ ಬಿಡಬೇಡಿ ಅಷ್ಟೇ.

ಇನ್ನೊಂದೂ ನಿಜ. ನಿಮ್ಮ ಒಂಟಾರಿಯೊದ ಆಲ್ಗಾನ್‌ಕ್ವಿನ್ ಪಾರ್ಕಲ್ಲಿ 1963ರ ಆಗಸ್ಟಲ್ಲಿ ಮೊದಲ ಸಲ ಹೀಗೆ ಜನರನ್ನ ಕರೆದ್ರು, ಹತ್ತಿಪ್ಪತ್ತು ಜನ ಬರಬಹುದು ಅಂದ್ಕೊಂಡ್ರೆ 600ಕ್ಕೂ ಹೆಚ್ಚು ಜನ ಬಂದ್ರಂತೆ. ಹಿಂದಿನ ರಾತ್ರಿ ಸಿಬ್ಬಂದಿ ಹೋಗಿ ತೋಳ ಎಲ್ಲಿದೆ ಅಂತ ಪತ್ತೆ ಮಾಡಿದ್ರೆ ಮಾತ್ರ ಕಾರ್ಯಕ್ರಮ, ಇಲ್ಲಾಂದ್ರೆ ಇಲ್ಲ. ಕಾರುಗಳು ಸಾಲಾಗಿ ಹೋಗಿ ಹೈವೇ ಪಕ್ಕ ನಿಲ್ತಾವೆ, ಎಲ್ಲರೂ ಇಳಿದು ಉಸಿರು ಬಿಗಿಹಿಡಿದು ನಿಂತಾಗ ಸಿಬ್ಬಂದಿಯೊಬ್ಬರು ತಮ್ಮದೇ ಗಂಟಲಲ್ಲಿ ಊಳಿಡ್ತಾರೆ. ಉತ್ತರ ಬಂದ್ರೆ ಬಂತು. ಮಕ್ಕಳನ್ನ ಕರ್ಕೊಂಡು ಹೋಗಿ, ದಯವಿಟ್ಟು.

ತೋಳ ನೆನಪಾಗಿ ಕೂಗತ್ತಾ, ಅಭ್ಯಾಸಬಲಕ್ಕೆ ಕೂಗತ್ತಾ? – ಧಾರವಾಡದ ಕಾಲೇಜು ವಿದ್ಯಾರ್ಥಿನಿ

ಎಷ್ಟು ಒಳ್ಳೇ ಪ್ರಶ್ನೆ. ಆಸ್ಟ್ರಿಯಾದ ತೋಳ ಸಂಶೋಧನಾ ಕೇಂದ್ರದಲ್ಲಿ ಇದನ್ನೇ ನೋಡಿದ್ರು, 2013ರ ಕೆಲಸ. ಕೈಯಲ್ಲೇ ಸಾಕಿದ ತೋಳಗಳು, ಗುಂಪಿಂದ ಒಂದೊಂದನ್ನೇ ಹಗ್ಗ ಹಾಕಿ ವಾಕಿಂಗ್ ಕರ್ಕೊಂಡು ಹೋಗೋದು, ಉಳಿದವು ಎಷ್ಟು ಊಳಿಡ್ತಾವೆ ಅಂತ ಲೆಕ್ಕ ಇಡೋದು, ಜೊಲ್ಲು ತಗೊಂಡು ಒತ್ತಡದ ಹಾರ್ಮೋನು ಅಳೆಯೋದು. ಹೋದದ್ದು ಗುಂಪಿನ ಹಿರಿಯ ಆದ್ರೆ ಜಾಸ್ತಿ ಊಳು. ಅದಕ್ಕಿಂತ ನನಗೆ ಮನಸ್ಸಿಗೆ ತಾಗಿದ್ದು, ಹೋದದ್ದು ತನ್ನ ಒಡನಾಡಿ ಆಗಿದ್ರೆ, ಅಂದ್ರೆ ಜೊತೆಗೆ ಮಲಗೋ ಆಡೋ ಗೆಳೆಯ ಆಗಿದ್ರೆ ಊಳು ಹೆಚ್ಚು. ಒತ್ತಡದ ಹಾರ್ಮೋನಿಗೂ ಈ ಹೆಚ್ಚಳಕ್ಕೂ ತಾಳೆ ಇರಲಿಲ್ಲ. ಅಂದ್ರೆ ಗಾಬರಿಗೆ ತಾನಾಗೇ ಬಾಯಿಂದ ಬಿದ್ದ ಕೂಗಲ್ಲ, ಇಂಥವರು ಬೇಕು ಅಂತ ಕರೆದ ಕೂಗು. ಕೊಪ್ಪಳದ ಆ ಕುರಿಗಾಹಿ "ಜೋಡಿ ಹುಡುಕಾಕತ್ತೈತಿ" ಅಂದಿದ್ದು ಇದನ್ನೇ ಅಲ್ವಾ, ಜೊಲ್ಲು ಗಿಲ್ಲು ಏನೂ ಅಳೀದೆ.

ಇನ್ನೊಂದು ನಿಮಗೆ ಇಷ್ಟವಾಗಬಹುದು. 2016ರಲ್ಲಿ ಕೇಂಬ್ರಿಜ್‌ನ ಆರಿಕ್ ಕರ್ಶೆನ್‌ಬಾಮ್ ಮತ್ತು ಜೊತೆಗಾರರು ತೋಳ, ನರಿ, ಕಯೋಟಿ, ನಾಯಿ ಎಲ್ಲಾ ಸೇರಿ 13 ಬಗೆಯ ಪ್ರಾಣಿಗಳ 2,000ಕ್ಕೂ ಹೆಚ್ಚು ಊಳು ಕಂಪ್ಯೂಟರಿಗೆ ಹಾಕಿ 21 ನಮೂನೆ ವಿಂಗಡಿಸಿದ್ರು. ಯಾವ ಪ್ರಾಣಿ ಯಾವ ನಮೂನೆನ ಎಷ್ಟು ಬಳಸತ್ತೆ ಅನ್ನೋದು ಬೇರೆ ಬೇರೆ, ಒಂದು ಥರ ನಮ್ಮ ಮಂಗಳೂರು ಕನ್ನಡ, ಧಾರವಾಡ ಕನ್ನಡ ಇದ್ದ ಹಾಗೆ. ಹಿಮಾಲಯದ ತೋಳದ ಊಳಂತೂ ನಮ್ಮ ಬಯಲು ತೋಳಕ್ಕಿಂತ ತಗ್ಗಿನ ಶ್ರುತಿಯದು.

ನಗೋ ಪ್ರಾಣಿ ಕತ್ತೆಕಿರುಬ ತಾನೇ? ಅದೂ ನಾಯಿ ಜಾತಿನಾ? – 7ನೇ ಕ್ಲಾಸ್, ಹೊಸಪೇಟೆ

ನಗೋದು ಆಫ್ರಿಕಾದ ಚುಕ್ಕೆ ಕಿರುಬ ಪುಟ್ಟಾ, ನಿಮ್ಮ ಕಡೆ ಇರೋದು ಪಟ್ಟೆ ಕಿರುಬ, ಅದು ಬಹುತೇಕ ಸುಮ್ಮನಿರತ್ತೆ. ನೋಡೋಕೆ ನಾಯಿ ಹಾಗಿದ್ರೂ ಅದರ ನೆಂಟಸ್ತನ ಮುಂಗುಸಿ ಬೆಕ್ಕುಗಳ ಕಡೆ. ನಿನಗೆ ಆಫ್ರಿಕಾದ್ದೇ ಒಂದು ಹೇಳ್ತೀನಿ. ಅಲ್ಲಿ ಕಾಡುನಾಯಿಗಳಿದಾವೆ, ಮೈಮೇಲೆ ಬಣ್ಣ ಚೆಲ್ಲಿದ ಹಾಗೆ ಇರ್ತಾವೆ. ಮಲಗೆದ್ದ ಮೇಲೆ ಬೇಟೆಗೆ ಹೋಗೋದಾ ಬೇಡ್ವಾ ಅಂತ ಅವು ಸೀನಿ ಓಟು ಹಾಕ್ತಾವೆ. ಬೋಟ್ಸ್ವಾನಾದಲ್ಲಿ ನೋಡಿ 2017ರಲ್ಲಿ ಬರೆದಿದಾರೆ: ಗುಂಪಿನ ಯಜಮಾನ ಹೊರಟ್ರೆ ಮೂರು ಸೀನು ಬಿದ್ರೂ ಸಾಕು, ಚಿಕ್ಕ ನಾಯಿ ಹೊರಟ್ರೆ ಸುಮಾರು ಹತ್ತು ಬೇಕು.

ಫೋನಲ್ಲಿ ತೋಳದ ಊಳು ಡೌನ್‌ಲೋಡ್ ಮಾಡಿ ಸ್ಪೀಕರಲ್ಲಿ ಹಾಕಿದ್ರೆ ನಮ್ಮ ಗುಡ್ಡದ ತೋಳ ಉತ್ತರ ಕೊಡತ್ತಾ? ರೆಕಾರ್ಡ್ ಮಾಡ್ಬೇಕು ಅಂತ ಆಸೆ. – ಗದಗ ಜಿಲ್ಲೆಯ ಯುವಕ

ಕೊಡಬಹುದು, ಅದಕ್ಕೇ ಹಾಕಬೇಡ ಅನ್ನೋದು. ಅದರ ಜಾಗದಲ್ಲಿ ಪರಕೀಯ ತೋಳ ಬಂದಿದೆ ಅಂತ ನೀನು ಸುಳ್ಳು ಹೇಳಿದ ಹಾಗಾಗತ್ತೆ. ಅದು ಮರಿ ಬಿಟ್ಟು ಕಾಯೋಕೆ ಬರಬಹುದು, ಇಲ್ಲಾ ಗೂಡನ್ನೇ ಬಿಟ್ಟು ಮರಿ ಹೊತ್ಕೊಂಡು ಬೇರೆ ಕಡೆ ಹೋಗಬಹುದು. ಇನ್ನೂ ಕೆಟ್ಟದ್ದು ಅಂದ್ರೆ ಉತ್ತರ ಕೊಟ್ಟು ತಾನೆಲ್ಲಿದೀನಿ ಅಂತ ಊರಿಗೆಲ್ಲ ತಿಳಿಸಿಬಿಡತ್ತೆ, ಅದನ್ನ ಕೇಳಿಸ್ಕೊಂಡವರೆಲ್ಲ ನಿನ್ನ ಥರದವರೇ ಆಗಿರಲ್ಲ. ಸಂಶೋಧಕರು ಇದನ್ನ ಅನುಮತಿ ತಗೊಂಡು, ಲೆಕ್ಕ ಇಟ್ಕೊಂಡು ಮಾಡ್ತಾರೆ. ಮೊದಲು ಹೇಳಿದ ಡೆಹ್ರಾಡೂನಿನವರು ಆಮೇಲೆ 2021ರಲ್ಲಿ, ಊಳಿನಿಂದಲೇ ಇದು ಇಂಥ ತೋಳ ಅಂತ ಒಂದೊಂದನ್ನೂ ಗುರುತಿಸಿ ಎಣಿಸೋ ದಾರಿ ತೋರಿಸಿದ್ರು. ತೋಳಕ್ಕೆ ಹುಲಿ ಥರ ಪಟ್ಟೆ ಇಲ್ವಲ್ಲ ಕ್ಯಾಮೆರಾದಲ್ಲಿ ಗುರುತು ಹಿಡಿಯೋಕೆ, ಅದಕ್ಕೆ ದನಿಯೇ ಪಟ್ಟೆ.

ನಿನ್ನ ಆಸೆ ಬಿಡು ಅಂತ ಹೇಳ್ತಿಲ್ಲ ನಾನು. ಸ್ಪೀಕರ್ ಮನೇಲಿಟ್ಟು ಫೋನ್ ಮಾತ್ರ ತಗೊಂಡು ಹೋಗು. ಗುಡ್ಡ ಹತ್ತಬೇಡ, ನಿಮ್ಮ ಹೊಲದಲ್ಲೇ ಕೂರು, ಒಬ್ಬನೇ ಹೋಗಬೇಡ. ಡಿಸೆಂಬರ್ ಜನವರಿಯಲ್ಲಿ ಗೂಡಲ್ಲಿ ಸಣ್ಣ ಮರಿ ಇರ್ತಾವೆ, ಆಗಂತೂ ಆ ಕಡೆ ಸುಳೀಲೇಬೇಡ. ಫೋನನ್ನ ಕಂಬಳಿ ಮೇಲಿಡು, ಗಾಳಿ ಬರೋ ಕಡೆ ನೀನು ಬೆನ್ನು ಮಾಡಿ ಕೂತ್ಕೊ, ಮೈಕಿಗೆ ಗಾಳಿ ಹೊಡೆಯಲ್ಲ. ರೆಕಾರ್ಡ್ ಶುರುವಾದ ಕೂಡಲೇ ತಾರೀಕು, ಟೈಮು, ಗಾಳಿ ಇದೆಯಾ, ದನಿ ಯಾವ ದಿಕ್ಕಿಂದ ಬರ್ತಿದೆ ಅಂತ ಮೆತ್ತಗೆ ಹೇಳು. ಕೂಗು ಮುಗಿದ ಮೇಲೆ ಆಫ್ ಮಾಡಬೇಡ, ಹತ್ತು ನಿಮಿಷ ಓಡ್ಲಿ, ಉತ್ತರ ಬರೋದು ಆಮೇಲೆ. ಸಿಕ್ಕಿದ್ರೆ ನನಗೆ ಕಳಿಸು, ಆದ್ರೆ ಜಾಗದ ಹೆಸರು ಸ್ಟೇಟಸ್ಸಲ್ಲಿ ಹಾಕಬೇಡ.